ಹೆಸ್ಟರ್ ಹಿಡಿದ ಕೊಲೆಗಾರ

ಹಾಲಿವುಡ್ಡಿನ ಗೋವರ್ ಬೀದಿಯಲ್ಲಿದ್ದ ನಮ್ಮ ಬಡ ಸ್ಟುಡಿಯೋದಲ್ಲಿ ಆರೇ ದಿನಕ್ಕೆ ಒಂದು ಸಿನಿಮಾ ಮುಗಿಯುತ್ತಿತ್ತು. ನಾನು ಫಿಲ್ಮ್ ಕತ್ತರಿಸಿ ಅಂಟಿಸುವವಳು. ಹೆಸ್ಟರ್ ಬ್ಲಾಂಟನ್ ಟಿಪ್ಪಣಿ ಬರೆಯುವವಳು. ಒಂದು ಶಾಟ್‌ನಲ್ಲಿ ಬಲಗೈಯಲ್ಲಿದ್ದ ಸಿಗರೇಟು ಮುಂದಿನದರಲ್ಲಿ ಎಡಗೈಗೆ ಹೋಗದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅವಳ ಕೆಲಸ. ಹದಿನೈದು ವರ್ಷ ಕಾದರೂ ಅವಳ ಹೆಸರು ಒಮ್ಮೆಯೂ ಪರದೆಯ ಮೇಲೆ ಬರಲಿಲ್ಲ. ನಾಯಿ ಪಳಗಿಸುವವನ ಹೆಸರು ಬರುತ್ತಿತ್ತು.

ಎರಡನೇ ಮಹಾಯುದ್ಧ ಜೋರಾಗಿದ್ದ ನಲವತ್ತಮೂರರಲ್ಲಿ ಒಂದು ಪತ್ತೇದಾರಿ ಸಿನಿಮಾ ತೆಗೆಯುತ್ತಿದ್ದೆವು. ನಾಲ್ಕನೆಯ ದಿನ ಕಥೆಗಾರನಿಗೆ ಸೈನ್ಯದಿಂದ ಕರೆ ಬಂತು. ಕೊನೆಯ ಹತ್ತು ಪುಟ ಅವನು ಬರೆದೇ ಇರಲಿಲ್ಲ. ಕೊಲೆಗಾರ ಯಾರೆಂದು ಪತ್ತೇದಾರನಿಗಿರಲಿ, ನಿರ್ದೇಶಕನಿಗೇ ಗೊತ್ತಿರಲಿಲ್ಲ. ಗಾಯದ ಮೇಲೆ ಬರೆ ಎಂಬಂತೆ, ಕಥೆಯಲ್ಲಿ ಕೊಲೆಯಾದವನ ಕುಂಟ ತಮ್ಮನ ಪಾತ್ರ ಮಾಡುತ್ತಿದ್ದವನು ಸೋಮವಾರ ಎಡಗಾಲು ಕುಂಟಿ ಬುಧವಾರ ಬಲಗಾಲು ಕುಂಟಿಬಿಟ್ಟಿದ್ದ. ಫಿಲ್ಮಿಗೂ ರೇಷನ್ ಇದ್ದ ಕಾಲ, ಮತ್ತೆ ತೆಗೆಯುವ ಹಾಗಿರಲಿಲ್ಲ.

ನಿರ್ಮಾಪಕ ಹಾರ್ಲನ್ ಪೈಕ್ ಹೆಸ್ಟರ್ ಮೇಲೆ ಹರಿಹಾಯ್ದ. "ನಿನ್ನ ಕಣ್ಣೇನು ಸಂತೆಗೆ ಹೋಗಿತ್ತಾ?"

"ಬುಧವಾರ ನಿಮ್ಮ ಪೆಟ್ರೋಲ್ ಕೂಪನ್ನಿಗೆ ಕ್ಯೂ ನಿಂತಿತ್ತು, ಮಿಸ್ಟರ್ ಪೈಕ್. ನೀವೇ ಕಳಿಸಿದ್ರಿ," ಎಂದಳು ಹೆಸ್ಟರ್. "ಆಗಿದ್ದು ಆಯ್ತು. ಕಾಲು ಬದಲಾಯ್ತು ಅಂದ್ರೆ ಅವನು ಕುಂಟನೇ ಅಲ್ಲ, ನಾಟಕ ಆಡ್ತಿದಾನೆ. ಅವನೇ ಕೊಲೆಗಾರ. ಪತ್ತೇದಾರ ಆ ಕಾಲು ನೋಡೇ ಹಿಡೀಲಿ."

ಊಟ ಬಿಟ್ಟು ಕೂತು ಹತ್ತೂ ಪುಟ ಅವಳೇ ಬರೆದಳು. ಪೈಕ್ ಹಲ್ಲು ಕಿರಿದು, "ಕಥೆ ಅಂತ ನಿನ್ನ ಹೆಸರೇ ಹಾಕ್ತೀನಿ," ಎಂದ. ಅವಳು ಅದನ್ನು ನಂಬಿ ಅಂದೇ ಮಗನಿಗೆ ಕಾಗದ ಹಾಕಿದಳು. ಒಬ್ಬನೇ ಮಗ ಲಾಯ್ಡ್, ಪೆಸಿಫಿಕ್‌ನಲ್ಲಿ ಯುದ್ಧದ ಹಡಗಿನ ಮೇಲಿದ್ದ. ಹಡಗಿನಲ್ಲೂ ಸಿನಿಮಾ ತೋರಿಸುತ್ತಿದ್ದರು.

ಸಿನಿಮಾದ ಆರಂಭದಲ್ಲಿ ಹೆಸರುಗಳು ಬರುವ ಫಿಲ್ಮ್ ತುಂಡು ನನ್ನ ಮೇಜಿಗೆ ಬಂತು. ಕಥೆ ಎಂಬಲ್ಲಿ ಪೈಕ್‌ನ ಭಾಮೈದನ ಹೆಸರು. ಆ ವಾರವೆಲ್ಲ ಆ ಪುಣ್ಯಾತ್ಮ ಮೀನು ಹಿಡಿಯಲು ಹೋಗಿದ್ದ. ಪೈಕ್‌ನ ಬಳಿ ಹೋಗಿ ಕೇಳಿದೆ.

"ಹೆಂಗಸು ಬರೆದ ಕೊಲೆ ಅಂದ್ರೆ ಥಿಯೇಟರಿನವರು ತಗೊಳ್ಳಲ್ಲ ಕಣಮ್ಮ," ಎಂದ ಪೈಕ್. "ನೀನು ಅಂಟಿಸು."

ಕೆಲಸ ಹೋದೀತೆಂದು ಹೆದರಿ ಅಂಟಿಸಿದೆ. ಅವನ ಮೇಲಿರುವ ಸಿಟ್ಟಿನಷ್ಟೇ ನನ್ನ ಮೇಲೂ ನನಗಿದೆ.

ನಾಲ್ಕು ತಿಂಗಳ ಮೇಲೆ ಲಾಯ್ಡ್‌ನ ಕಾಗದ ಬಂತು. ಹೆಸ್ಟರ್ ನನ್ನ ಪಕ್ಕ ಕೂತು ಓದಿದಳು. "ಅಮ್ಮ, ಸಿನಿಮಾ ನೋಡಿದೆ. ಮೊದಲ ತುಂಡು ಹರಿದುಹೋಗಿತ್ತಂತೆ, ಹೆಸರುಗಳೇ ಬರಲಿಲ್ಲ. ಬೇಜಾರು ಮಾಡ್ಕೋಬೇಡ, ಇದು ನಮ್ಮಮ್ಮ ಬರೆದಿದ್ದು ಅಂತ ಎಲ್ಲರಿಗೂ ಹೇಳಿದೀನಿ. ಪತ್ತೇದಾರ ಕಿಟಕಿ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಮುಖ ಬರೀತಾನಲ್ಲ, ಅಲ್ಲಿ ಎಲ್ಲಾ ನಕ್ಕರು."

ಅವಳು ಕಾಗದ ಮಡಿಸಿದಳು. "ಹೆಸರುಗಳು ಬರೋದು ಆ ಕಿಟಕಿ ಶಾಟ್ ಮೇಲೇ ಅಲ್ವಾ?"

"ಹೂಂ." ಬೇರೆಲ್ಲೂ ಆ ಶಾಟ್ ಇರಲಿಲ್ಲ.

"ಹಾಗಾದ್ರೆ ಅಲ್ಲಿ ನನ್ನ ಹೆಸರಿಲ್ಲದ್ದನ್ನ ಅವನು ನೋಡಿದಾನೆ."

ಸೀದಾ ಪೈಕ್‌ನ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. "ನನ್ನ ಹೆಸರು ಇನ್ನು ಬೇಡ," ಎಂದಳು. "ಅಷ್ಟು ಜನರ ಮುಂದೆ ನನ್ನ ಮಗ ಸುಳ್ಳುಗಾರ ಆದ. ನಿಜ ಏನು ಅಂತ ಅವನಿಗೆ ನಾಲ್ಕು ಸಾಲು ಬರೆದುಕೊಡಿ."

"ಟೈಮ್ ಸಿಕ್ಕಾಗ ನೋಡೋಣ."

ಒಂದು ತಿಂಗಳು ದಿನಾ ಬೆಳಗ್ಗೆ ಅವನ ಮೇಜಿನ ಮೇಲೆ ಬಿಳಿ ಹಾಳೆಯೊಂದನ್ನು ಇಟ್ಟು ಬಂದಳು. ಅವನು ಅದರ ಮೇಲೆ ಕಾಫಿ ಕಪ್ ಇಡುತ್ತಿದ್ದ. ನೋಡಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಅವನೆದುರಿಗೇ ಕಪ್ ಸರಿಸಿ ಆ ಕಲೆಬಿದ್ದ ಹಾಳೆ ಎತ್ತಿಕೊಂಡು ಬಂದು ಬರೆದೆ:

"ಲಾಯ್ಡ್, ನೀನು ಹೇಳಿದ್ದೇ ನಿಜ. ಬರೆದವಳು ನಿನ್ನಮ್ಮ. ಅಲ್ಲಿ ಬೇರೆಯವನ ಹೆಸರು ಅಂಟಿಸಿದವಳು ನಾನು. ಇದನ್ನು ಹಡಗಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳು."