ತಂಗಿ ಹಡಗು ಹತ್ತಿದ ವರ್ಷ

ನನ್ನ ತಂಗಿ ನನಗಿಂತ ಮೊದಲು ಸಮುದ್ರ ನೋಡಿದಳು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನಗೆ ದಾಟಿಹೋಗಿದೆ, ಉರಿಯಲಿ.

ಕವಲಂದೆ ಕಡೆಯ ನಮ್ಮ ತವರಿನಲ್ಲಿ ಹೊಸ ಲಂಗ ಹೊಲಿಸುತ್ತಿದ್ದುದು ನನಗೆ, ಹಿರಿಯವಳೆಂದು. ನಾನುಟ್ಟು ಬಿಟ್ಟದ್ದು ಅವಳಿಗೆ. ಮದುವೆಯ ಹೊತ್ತಿಗೆ ಎಲ್ಲ ತಿರುಗುಮುರುಗಾಯಿತು. ನನ್ನನ್ನು ನಂಜನಗೂಡಿನ ದಿನಸಿ ಅಂಗಡಿಯವರಿಗೆ ಕೊಟ್ಟರು, ಅವಳನ್ನು ಟಿ. ನರಸೀಪುರದಲ್ಲಿ ಬ್ಯಾಂಕಿನಲ್ಲಿದ್ದವರಿಗೆ. ಅಂಗಡಿಗೆ ರಜೆ ಎಂಬುದಿಲ್ಲ. ಬ್ಯಾಂಕಿನವರಿಗೆ ರಜೆಯೂ ಉಂಟು, ರಜೆಯಲ್ಲಿ ಊರು ಸುತ್ತಿ ಬನ್ನಿ ಎಂದು ಬ್ಯಾಂಕೇ ಖರ್ಚು ಕೊಡುವ ಎಲ್‌ಟಿಸಿಯೂ ಉಂಟು. ಆಗ್ರಾ, ಊಟಿ, ಕಾಶಿ ಎಂದು ಒಂದೊಂದು ಸಲ ಒಂದೊಂದು ಆಲ್ಬಂ ಕಂಕುಳಲ್ಲಿಟ್ಟುಕೊಂಡು ಅವಳು ನಮ್ಮ ಮನೆಗೆ ಬರುತ್ತಿದ್ದಳು. ನಾನು ಕಾಫಿ ಕಾಸುವ ನೆಪದಲ್ಲಿ ಅಡುಗೆಮನೆ ಸೇರುತ್ತಿದ್ದೆ.

ನಾನು ನೋಡಿದ ನೀರೆಂದರೆ ನಮ್ಮ ಹೊಳೆ ಒಂದೇ. ನಾನು ಅದನ್ನು ನೋಡಲು ಹೋಗಬೇಕಾಗಿರಲಿಲ್ಲ, ಅದೇ ಬರುತ್ತಿತ್ತು. ಮೇಲೆ ಕಬಿನಿ ಅಣೆಕಟ್ಟಿನ ಗೇಟು ಎತ್ತಿದರೆ ಕೆಲವು ವರ್ಷ ನಮ್ಮ ಬೀದಿಗೆ ನೀರು ನುಗ್ಗುತ್ತಿತ್ತು. ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅಂಗಡಿಯೊಳಗೆ ಮೊಳಕಾಲುದ್ದ ನಿಂತು, ಸಕ್ಕರೆ ಮೂಟೆ ಕರಗಿ ಬರಿ ಚೀಲ ಉಳಿಯಿತು. ಬೀದಿಯವರೆಲ್ಲ ಛತ್ರ ಸೇರಿದೆವು. ಆಗ ಮೈಸೂರಿನಿಂದ ಸ್ಕೂಟರು, ಕಾರುಗಳಲ್ಲಿ ಜನ ಬಂದರು, ಹೊಳೆ ನೋಡಲು. ಮಕ್ಕಳಿಗೆ ಸ್ವೆಟರು ಹಾಕಿ ಕರೆತಂದಿದ್ದರು. ನಾನು ಹಾಸಿಗೆ ಸುರುಳಿ ತಲೆಯ ಮೇಲೆ ಹೊತ್ತು ನೀರಿನಲ್ಲಿ ಬರುತ್ತಿದ್ದಾಗ ಒಬ್ಬ, "ಸ್ವಲ್ಪ ಈ ಕಡೆ ನೋಡಿ ಮೇಡಂ" ಎಂದು ಫೋಟೋ ಹೊಡೆದ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಸುಟ್ಟ ಜೋಳ ತಿನ್ನುತ್ತಿದ್ದಳು. ಸುಟ್ಟ ಜೋಳದ ವಾಸನೆ ಅವತ್ತಿನಿಂದ ನನಗೆ ಆಗುವುದಿಲ್ಲ.

ಆ ಜೋಳ ಮಾರುತ್ತಿದ್ದವನು ನಮ್ಮ ಬೀದಿಯವನೇ. ಅವನ ಮನೆಯ ಗೋಡೆಯೂ ಕುಸಿದಿತ್ತು. ಸಂಜೆ ಛತ್ರದಲ್ಲಿ ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ.

"ನಮ್ಮ ಗೋಳು ನೋಡಕ್ಕೆ ಬಂದೋರ್ಗೆ ಜೋಳ ಸುಟ್ಟು ಕೊಡ್ತೀಯಲ್ಲೋ, ನಾಚ್ಕೆ ಆಗಲ್ವಾ?"

"ಅವ್ರೂ ಬರ್ದಿದ್ರೆ ನಾನೇನ್ ಮಾಡ್ಲಕ್ಕ? ಈ ನೀರೇ ಕುಡ್ಕಂಡು ಕೂತ್ಕಳನಾ?" ಎಂದ.

ನನಗೆ ಇನ್ನೂ ಕೋಪ ಬಂತು.

ಸುನಾಮಿ ಬಂದಾಗ ನಾವು ಅದನ್ನು ಟೀವಿಯಲ್ಲಿ ನೋಡಿದೆವು. ದಡದಲ್ಲಿ ಮಲಗಿಸಿದ್ದ ಮಕ್ಕಳನ್ನು ತೋರಿಸಿದಾಗ ನಮ್ಮ ಮನೆಯವರು ಅಂಗಡಿಯಿಂದ ಒಳಗೆ ಬಂದು ಟೀವಿ ಆರಿಸಿದರು. ಅದಾಗಿ ವರ್ಷ ಕಳೆದಿತ್ತು. ತಂಗಿ ಬಂದಳು, ಕೈಯಲ್ಲಿ ಆಲ್ಬಂ ಇರಲಿಲ್ಲ.

"ಅಕ್ಕ, ಈ ಸಲ ಅಂಡಮಾನು. ಮದ್ರಾಸಿಂದ ಹಡಗು. ಮೂರು ದಿನ ಬರೀ ನೀರಂತೆ. ನಮ್ಮತ್ತೆಗೆ ಮಂಡಿ ನೋವು, ಬರಕ್ಕಾಗಲ್ಲ ಅಂದ್ರು. ಅವ್ರ ಜಾಗ ಅದೆ. ನೀನ್ ಬಾ."

ಹಡಗು ಎಂದ ಕೂಡಲೇ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ 'ಅವ್ರ ಜಾಗ' ಎಂಬ ಮಾತು ಚುಚ್ಚಿತು. ಅವಳತ್ತೆ ಬೇಡವೆಂದು ಬಿಟ್ಟದ್ದು ನನಗೆ. ನನ್ನ ಹಳೆಯ ಲಂಗ ಉಟ್ಟು ಬೆಳೆದವಳು ಈಗ ನನಗೆ ಉಟ್ಟು ಬಿಟ್ಟದ್ದನ್ನು ಕೊಡಲು ಬಂದಿದ್ದಾಳೆ ಎನ್ನಿಸಿತು. ಬರುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಅವಳು ಹೋಗುವುದೂ ನನಗೆ ಬೇಕಿರಲಿಲ್ಲ.

"ಸಾವಿನ ಮನೆಗೆ ಯಾರಾದ್ರೂ ಟೂರ್ ಓಯ್ತಾರೇನೇ?" ಎಂದೆ. "ಅಲ್ಲಿ ಅಷ್ಟು ಜನ ಕೊಚ್ಕೊಂಡ್ ಓಗವ್ರೆ. ನೀನು ಅದೇ ದಡದಲ್ಲಿ ನಿಂತ್ಕೊಂಡು ಫೋಟೋ ಹೊಡಿಸ್ಕಂಡು ಬತ್ತೀಯಾ? ನಮ್ಮ ಬೀದಿಗೆ ನೀರು ಬಂದಾಗ ಜೋಳ ತಿನ್ಕಂಡು ನಿಂತಿದ್ಳಲ್ಲ, ಅವಳಿಗೂ ನಿನಗೂ ಏನು ವ್ಯತ್ಯಾಸ?"

ನಾನು ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಅದು ಸರಿಯಾದ ಪ್ರಶ್ನೆಯೇ ಎನ್ನುತ್ತೇನೆ. ತಂಗಿಯ ಮುಖ ಸಪ್ಪಗಾಯಿತು. "ಓಗ್ಬಾರದಾ ಅಕ್ಕ?" ಎಂದು ಮೆಲ್ಲಗೆ ಕೇಳಿದಳು. ಅವಳು ಚಿಕ್ಕಂದಿನಿಂದ ನನ್ನ ಮಾತು ಮೀರಿದವಳಲ್ಲ. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ನನಗೆ ಹಗುರವೆನಿಸಿತು. ಆ ವಾರವೆಲ್ಲ ಗಂಡನ ಮೇಲೆ ರೇಗಲಿಲ್ಲ. ಅಂಗಡಿಯ ಎದುರಿನ ಭಿಕ್ಷುಕನಿಗೆ ಕರೆದು ಬಾಳೆಹಣ್ಣು ಕೊಟ್ಟೆ.

ಆಮೇಲೆ ಅವಳ ಫೋನು ಬಂತು.

"ನೀನೇಳಿದ್ದು ಸರಿ ಅಕ್ಕ. ಯೋಚ್ನೆ ಮಾಡ್ದೆ. ಸಾವಿನ ಮನೆಗೆ ಓಗಂಗೇ ಓಗಿದ್ದು ಬತ್ತೀವಿ."

ಅದೆಂಥ ಹೋಗುವುದೋ ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಊಟ ತರುತ್ತಾರೆ. ಹೊರಡುವಾಗ 'ಬತ್ತೀನಿ' ಎನ್ನುವಂತಿಲ್ಲ. ಅಂದರೆ ಆ ಮನೆಯಲ್ಲಿ ಮತ್ತೆ ಅಂಥದ್ದೇ ಆಗಲಿ ಎಂದಂತೆ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆಯಬೇಕು. ನನ್ನ ತಂಗಿ ಇದನ್ನೆಲ್ಲ ಸಮುದ್ರ ದಾಟಿಸಲು ಹೊರಟಿದ್ದಳು. ರಾಗಿ ಹುರಿದು, ಬೀಸಿ, ದೊಡ್ಡ ಡಬ್ಬಿಯ ತುಂಬ ಹುರಿಹಿಟ್ಟು ಮಾಡಿಕೊಂಡಳಂತೆ. ಒಳ್ಳೆಯ ಸೀರೆ ಒಂದೂ ಇಟ್ಟುಕೊಳ್ಳಲಿಲ್ಲವಂತೆ. ಕ್ಯಾಮೆರಾ ಬೇಡವೆಂದು ಗಂಡನ ಜೊತೆ ಜಗಳ ಆಡಿದಳಂತೆ. ಹೇಗೋ ಹಡಗು ಹತ್ತಿದಳು. ಆ ದಿನಗಳಲ್ಲಿ ನಾನು ಅಂಗಡಿಯಲ್ಲಿ ಹುಣಸೆಹಣ್ಣು ತೂಗುತ್ತ, ಈಗ ಎಲ್ಲಿರಬಹುದು, ಈಗ ಏನು ನೋಡುತ್ತಿರಬಹುದು ಎಂದು ಕುದಿಯುತ್ತಿದ್ದೆ.

ತಿರುಗಿ ಬಂದವಳು ಮೊದಲು ನಮ್ಮ ಮನೆಗೇ ಬಂದಳು. ಕೇಳುವುದಿಲ್ಲ ಎಂದುಕೊಂಡಿದ್ದರೂ ಕೂತು ಕೇಳಿದೆ. ಅಲ್ಲಿ ಅವರು ಊಟಕ್ಕೆ ಹೋಗುತ್ತಿದ್ದುದು ಒಬ್ಬ ತಮಿಳು ಹೆಂಗಸಿನ ಮೆಸ್ಸಿಗೆ. ಆಕೆ ಇನ್ನೂ ದಕ್ಷಿಣದ ಒಂದು ದ್ವೀಪದಲ್ಲಿ ಗಂಡನನ್ನೂ ಮನೆಯನ್ನೂ ಸುನಾಮಿಗೆ ಕಳೆದುಕೊಂಡು ಬಂದವಳು. ಕವಲಂದೆ ಸಂತೆಯಲ್ಲಿ ಕೇಳಿ ಕಲಿತ ನಮ್ಮ ಹರಕು ತಮಿಳಿನಲ್ಲೇ ತಂಗಿ ಆಕೆಯ ಜೊತೆ ಮಾತಾಡಿದ್ದಳು. ಮೀನಿನ ವಾಸನೆ ತಾಗದಂತೆ ಆಕೆ ಬೇರೆ ಪಾತ್ರೆಯಲ್ಲಿ ಇವಳಿಗೆ ಸಾರು ಮಾಡಿಕೊಟ್ಟಳಂತೆ. ಇವಳು ಹುರಿಹಿಟ್ಟಿನ ಡಬ್ಬಿ ಕೊಟ್ಟಾಗ ಆಕೆಗೆ ಏನೆಂದು ತಿಳಿಯಲಿಲ್ಲ. ಒಲೆಯ ಮೇಲೆ ಐವತ್ತು ಜನರ ಅನ್ನ ಕುದಿಯುತ್ತಿದ್ದ ಮನೆಗೆ ನನ್ನ ತಂಗಿ ಊಟ ತಂದಿದ್ದಳು.

"ಹೊರಡೋ ದಿನ ಸುಮ್ಕೆ ಎದ್ದು ಬಂದ್ಬುಟ್ಟೆ ಅಕ್ಕ, ಬತ್ತೀನಿ ಅನ್ನನಿಲ್ಲ. ಆವಮ್ಮ ರಸ್ತೆ ಗಂಟ ಓಡ್ಬಂದ್ಲು. ಊಟ ಸರಿ ಇರ್ಲಿಲ್ವಾ, ನನ್ನಿಂದ ಏನಾದ್ರೂ ತಪ್ಪಾಯ್ತಾ ಅಂತ ಕಣ್ಣಲ್ಲಿ ನೀರ್ ಹಾಕ್ಕಂಡ್ಲು. ನಾನು ನಮ್ ಪದ್ಧತಿ ಹೇಳ್ದೆ. ಸತ್ತು ವರ್ಷ ಆಯ್ತು, ಒಲೆ ಉರೀತಾ ಅದೆ, ಈಗ್ಲೂ ಇದು ಸಾವಿನ ಮನೆನಾ, ಬತ್ತೀನಿ ಅಂತ ಹೇಳೋಗು ಅಂದ್ಲು."

"ನೀನೇನಂದೆ?"

"ಬತ್ತೀನಿ ಅಂದೆ."

ನಾನು ಒಳಗೆ ಹೋಗಿ ಕಾಫಿ ಕಾಸಿದೆ. ಈ ಸಲ ಹೊಟ್ಟೆಕಿಚ್ಚು ಹಡಗಿನ ಮೇಲಿರಲಿಲ್ಲ. ನಮ್ಮ ಬೀದಿಯ ನೀರು ನೋಡಲು ಬಂದು ಹೋದವರನ್ನು ಮತ್ತೆ ಬನ್ನಿ ಎಂದು ನಾವು ಯಾರೂ ಕರೆದಿರಲಿಲ್ಲ. ಇವಳನ್ನು ಕರೆದಿದ್ದರು, ರಸ್ತೆಯವರೆಗೆ ಓಡಿಬಂದು ಕರೆದಿದ್ದರು. ಅದೂ ನಾನು ಬೈದು ಕಲಿಸಿದ ಮರ್ಯಾದೆಯಿಂದ.

ಮುಂದಿನ ಎಲ್‌ಟಿಸಿಗೆ ಅವಳ ಗಂಡ ಕಾಶ್ಮೀರ ಎಂದರು. ಇವಳು ಪಟ್ಟು ಹಿಡಿದು ಮತ್ತೆ ಅಂಡಮಾನಿಗೇ ಹೋದಳು, ಮಾತು ಕೊಟ್ಟಿದ್ದೇನೆ ಎಂದು. ನನ್ನನ್ನು ಈ ಸಲ ಕರೆಯಲಿಲ್ಲ. ಯಾಕೆ ಕರೆದಾಳು? ನಾನೂ ಕೇಳಲಿಲ್ಲ. ಎರಡು ಸಲ ಸಮುದ್ರ ದಾಟಿದ ತಂಗಿ ಇರುವುದು ಎಂದರೆ ಏನೆಂದು ಯಾರಿಗೂ ಹೇಳಿ ತಿಳಿಸಲಾಗುವುದಿಲ್ಲ.

ಹೋಗಿ ಬಂದು ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ಆ ಹೆಂಗಸು ಮನೆಯವರ ಜೊತೆ ಕೂರಿಸಿಕೊಂಡು ಬಡಿಸಿದಳಂತೆ.

"ನಿನ್ ಇಚಾರನೂ ಹೇಳ್ದೆ ಅಕ್ಕ. ನಮ್ಮಕ್ಕನಿಗೂ ಮೊದಲ್ನೇ ಸಲ ಜಾಗ ಇತ್ತು, ನಿಮ್ಮೂರಿನ ಸತ್ತೋರಿಗೆ ಮರ್ಯಾದೆ ಕೊಟ್ಟು ಬರ್ಲಿಲ್ಲ ಅಂತ."

"ಅದಕ್ಕೇನಂದ್ಲು?" ಎಂದೆ.

ತಂಗಿ ಸ್ವಲ್ಪ ಹಿಂದೆಮುಂದೆ ನೋಡಿದಳು. "ಬೇಜಾರ್ ಮಾಡ್ಕಬೇಡ. ಮರ್ಯಾದೆ ಇದ್ದಿದ್ರೆ ಬಂದು ಒಂದು ತುತ್ತು ಉಣ್ತಿದ್ಳು, ಅಂದ್ಲು."

ನಾನು ಎಲೆಯಡಿಕೆ ತಟ್ಟೆಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆ ಇಟ್ಟೆ. ಅವಳು ಹೊತ್ತಾಯಿತೆಂದು ಸೆರಗು ಸರಿಮಾಡಿಕೊಂಡು ಎದ್ದಳು. ನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಬತ್ತೀನಿ ಕಣಕ್ಕ" ಎಂದಳು.

ಹೋಗಿ ಬಾ ಎನ್ನಬೇಕು. ನನಗೆ ಅದು ಬರಲಿಲ್ಲ. ಹೊಸ್ತಿಲವರೆಗೆ ಹೋಗಿ ಅವಳ ಚೀಲ ಹಿಡಿದುಕೊಂಡೆ.

"ಹಡಗಲ್ಲಿ ವಾಂತಿ ಬತ್ತದೇನೇ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಗಲಿಲ್ಲ. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತಳು.

"ಮೊದಲ್ನೇ ದಿನ ಬತ್ತದೆ" ಎಂದಳು. "ಸೆರಗಲ್ಲಿ ನಿಂಬೆಹಣ್ಣು ಕಟ್ಕಂಡಿರ್ಬೇಕು."