ಯಡ್ತರೆಯ ಓಣಿಯಲ್ಲಿ ನಾನು ಇಳಿಯಗೊಡದ ರೇಟು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಕೂತಾಗಲೆಲ್ಲ ನಾನು ಗೆದ್ದ ಭಾಗ ಸಲೀಸಾಗಿ ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋದೇನು.

ಏಳೆಂಟು ವರ್ಷಗಳ ಹಿಂದಿನ ಮಾತು. ಆಗ ನಾನು ಬ್ರಹ್ಮಾವರದಿಂದ ಬೈಂದೂರಿನವರೆಗೆ ಮನೆ, ಜಾಗ ಮಾರಿಸಿಕೊಡುವ ಬ್ರೋಕರ್. ಓದಿದ್ದು ಹೈಸ್ಕೂಲು. ಆದರೆ ನಾನು ನಿಂತು ಮಾಡಿಸಿದ ಒಂದು ರಿಜಿಸ್ಟ್ರಿಯೂ ಕೋರ್ಟಿಗೆ ಹೋದದ್ದಿಲ್ಲ. ಈ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ಆ ವರ್ಷ ಬ್ಯಾಂಕುಗಳು ಸಾಲ ಕೊಡುವುದನ್ನು ಬಿಗಿ ಮಾಡಿದವು. ಗೃಹಸಾಲಕ್ಕೆ ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಅಲೆದರು. ವ್ಯಾಪಾರಿಗಳಿಗೆ ಓವರ್‌ಡ್ರಾಫ್ಟ್ ಎಂದಿರುತ್ತದೆ; ಖಾತೆಯಲ್ಲಿ ಹಣವಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯಬಹುದು. ಆ ಮಿತಿಗೂ ಕತ್ತರಿ ಬಿತ್ತು. ಕುಂದಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ದಿನಾ ಚಾ ಕುಡಿಯುತ್ತಿದ್ದ ಹೋಟೆಲಿನಲ್ಲಿ, ಮನೆಗಳ ರೇಟು ಬಿದ್ದೇ ಬೀಳುತ್ತದೆ ಎಂದು ಎಲ್ಲರ ಬಾಯಲ್ಲೂ ಮಾತು.

“ಹ್ವಾಯ್ ಶೆಟ್ರೆ, ಇನ್ನ್ ನೀವ್ ಮನಿ ಮಾರುದ್ ಬಿಟ್ಟ್ ಬೊಂಡ ಮಾರಿ” ಎಂದು, ಎಳನೀರು ಮಾರುವುದೇ ವಾಸಿ ಎನ್ನುವಂತೆ, ಕ್ಯಾಶಿನಲ್ಲಿ ಕೂತವರು ಕೆಣಕಿದರು.

“ಬರ್ದ್ ಇಟ್ಕಣಿ. ಒಂದ್ ರುಪಾಯಿ ಇಳಿಯುದಿಲ್ಲ” ಎಂದೆ.

ಅದು ಬರೀ ಹುಂಬತನದ ಮಾತಲ್ಲ. ನಮ್ಮ ಕಡೆ ಮಾರಾಟಕ್ಕಿರುವ ಒಳ್ಳೆಯ ಮನೆಗಳಲ್ಲಿ ಬಹಳಷ್ಟು ಮುಂಬಯಿ, ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರದು. ಹಣಕ್ಕೆ ಕೈ ಕಟ್ಟಿದಾಗ ಅವರು ಅಲ್ಲಿಯ ಅಂಗಡಿ ಬಿಟ್ಟಾರು, ಹೆಂಡತಿಯ ಬಂಗಾರ ಅಡವಿಟ್ಟಾರು. ಊರಿನ ಮನೆಯನ್ನು ಕಡಿಮೆಗೆ ಕೊಡಲಾರರು. ಕೊಟ್ಟರೆ ಮರುದಿನವೇ ‘ಹೋಟ್ಲ್ ಮುಳ್ಗಿತಂಬ್ರ್’ ಎಂದು ಊರು ಮಾತಾಡುತ್ತದೆ.

ಬೈಂದೂರಿನ ಪಕ್ಕದ ಯಡ್ತರೆಯ ಒಂದು ಓಣಿಯಲ್ಲಿ ಅಂಥವರ ಐದು ಮನೆಗಳ ಮಾರಾಟ ನನ್ನ ಕೈಯಲ್ಲಿತ್ತು. ಆರನೆಯದು ಶೀನ ಮೊಗವೀರನದು. ಶೀನ ಬಂದರಿನ ಬಳಿಯ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಮೀನು ಮಾರುತ್ತಿದ್ದಳು. ಸಾಲದ ಬಿಗಿಗೆ ಸಿಕ್ಕಿದ ಪ್ಲಾಂಟಿನ ಮಾಲೀಕರು ಅದನ್ನು ಅಗ್ಗಕ್ಕೆ ಮಾರಲು ಹೊರಟಿದ್ದರು. ದೀಪಾವಳಿಯೊಳಗೆ ಹಣ ತಂದರೆ ಶೀನನಿಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಮನೆ ಮಾರಿ ಪ್ಲಾಂಟ್ ಕೊಳ್ಳುವುದು, ಅದರ ಹಿಂದಿನ ಎರಡು ಕೋಣೆಗಳಲ್ಲಿ ಇರುವುದು ಎಂದು ಗಂಡ ಹೆಂಡತಿ ನಿಶ್ಚಯಿಸಿದ್ದರು.

ಮನೆಗೆ ನಾನು ಮೂವತ್ತೆರಡು ಲಕ್ಷ ಹೇಳಿದೆ. ಬ್ರಹ್ಮಾವರದ ಒಬ್ಬರು ಬಂದು ನೋಡಿದರು. ಸಾಲದ ಹಂಗಿಲ್ಲ, ಹಣ ಕೈಯಲ್ಲೇ ಇತ್ತು. ಇಪ್ಪತ್ತೇಳಕ್ಕೆ ನಿಂತರು. ಪ್ಲಾಂಟಿಗೆ ಅಷ್ಟು ಸಾಕಿತ್ತು.

ಶೀನನ ಜಗಲಿಯಲ್ಲಿ ಕೂತು ನಾನು ಬೇಡವೆಂದು ತಲೆಯಾಡಿಸಿದೆ. “ರೇಟ್ ಬೀಳುದಿಲ್ಲ ಶೀನ. ನಾಕ್ ತಿಂಗ್ಳ್ ತಡ್ಕೊ. ಐದ್ ಲಕ್ಷ ಹೊಳಿಗ್ ಹಾಕ್ತ್ಯಾ?”

ಹೆಂಡತಿ ಒಳಗಿನಿಂದ ಬಂದಳು. “ಅಲ್ಲ ಶೆಟ್ರೆ, ನಮ್ ಮನಿಗೂ ಕಮ್ಮಿ, ಆ ಪ್ಲಾಂಟಿಗೂ ಕಮ್ಮಿ. ನಮ್ಗ್ ಎಂತ ನಷ್ಟ? ಇವತ್ತಿನ್ ಮೀನಿಗ್ ನಾಳಿನ್ ರೇಟ್ ಹೇಳ್ಕಂಡ್ ಕೂಕಂಬುಕ್ ಆತ್ತಾ?”

“ಇದ್ ಮೀನಿನ್ ಬುಟ್ಟಿ ಅಲ್ಲ, ಮನಿ. ಕೊಳಿಯುದಿಲ್ಲ” ಎಂದೆ.

ಶೀನ ನಕ್ಕ. “ನೀ ಸುಮ್ನಿರ್ ಮಾರಾಯ್ತಿ. ಶೆಟ್ರಿಗ್ ಗೊತ್ತಿಲ್ದೇ ಇದ್ದದ್ದ್ ನಿಂಗ್ ಗೊತ್ತಿತ್ತಾ?”

ಅವಳು ಅವನ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದಳು: “ಪ್ಲಾಂಟ್ ಕೈ ತಪ್ಪಿರೆ ನೀವ್ ತೆಗ್ದ್ ಕೊಡ್ತ್ರ್ಯಾ?”

ನಾನು ಚಾ ಲೋಟ ಕೆಳಗಿಟ್ಟು ಎದ್ದುಬಂದೆ. ಬ್ರಹ್ಮಾವರದವರಿಗೆ ಆಗುವುದಿಲ್ಲವೆಂದು ನಾನೇ ಫೋನ್ ಮಾಡಿದೆ. ಅವರು ಬೇರೆ ಕಡೆ ಮನೆ ಕೊಂಡರು.

ಜಗಲಿಯಲ್ಲಿ ನಾನು ಹೇಳದೆ ಉಳಿಸಿಕೊಂಡ ಕಾರಣ ಇದು. ಓಣಿಯಲ್ಲಿ ಒಂದು ಮನೆ ಕಡಿಮೆಗೆ ರಿಜಿಸ್ಟ್ರಿಯಾದರೆ ಮುಂದಿನ ಗಿರಾಕಿ ಅದನ್ನೇ ತೋರಿಸಿ ಕೇಳುತ್ತಾನೆ. ಸಾಲ ಕೊಡುವ ಮೊದಲು ಬೆಲೆ ಕಟ್ಟಲು ಬರುವ ಬ್ಯಾಂಕಿನ ವ್ಯಾಲ್ಯುವರ್ ಕೂಡ ಅದನ್ನೇ ಹಿಡಿಯುತ್ತಾನೆ. ಶೀನನ ಮನೆ ಇಪ್ಪತ್ತೇಳಕ್ಕೆ ಹೋಗಿದ್ದರೆ ಉಳಿದ ಐದರ ರೇಟೂ ಮುರಿಯುತ್ತಿತ್ತು, ಹೋಟೆಲಿನಲ್ಲಿ ನಾನಾಡಿದ ಮಾತೂ ಬೀಳುತ್ತಿತ್ತು. ಅವನನ್ನು ತಡೆದದ್ದು ಅವನ ಐದು ಲಕ್ಷಕ್ಕಲ್ಲ.

ರೇಟು ಬೀಳಲಿಲ್ಲ. ದೀಪಾವಳಿಗೂ ಮೂವತ್ತೆರಡು, ಯುಗಾದಿಗೂ ಮೂವತ್ತೆರಡು. ಕ್ಯಾಶಿನವರು ಚಾದ ದುಡ್ಡು ತೆಗೆದುಕೊಳ್ಳಲಿಲ್ಲ. ಮುಂಬಯಿಯಿಂದ ಮನೆಗಳ ಮಾಲೀಕರು ಫೋನಿನಲ್ಲಿ “ನಿಮ್ದ್ ತಲಿ ಅಂದ್ರೆ ತಲಿ ಮಾರ್ರೆ” ಎಂದರು. ಬ್ಯಾಂಕಿನವರೂ ಊಹಿಸಲಾರದ್ದನ್ನು ಹೈಸ್ಕೂಲು ಓದಿದ ನಾನು ಹೇಳಿದ್ದೆ. ಎದೆಯುಬ್ಬಿಸಿ ತಿರುಗಿದೆ.

ಆದರೆ ಆ ಓಣಿಯಲ್ಲಿ ಒಂದು ಮನೆಯೂ ಮಾರಾಟವಾಗಲಿಲ್ಲ. ಸಾಲ ಸಿಗದೆ ಕೊಳ್ಳುವವರಿಲ್ಲ, ಮರ್ಯಾದೆಗೆ ಅಂಜಿ ಇಳಿಸುವವರಿಲ್ಲ. ಮುಂಬಯಿ, ಬೆಂಗಳೂರಿನ ಹೋಟೆಲಿನವರು ಕಾದರು, ಅವರಿಗೆ ಏನೂ ಆಗಲಿಲ್ಲ. ಐಸ್ ಪ್ಲಾಂಟ್ ಮಾತ್ರ ಕಾಯಲಿಲ್ಲ. ದೀಪಾವಳಿ ಕಳೆದದ್ದೇ ಬೇರೆಯವರ ಪಾಲಾಯಿತು. ಹೊಸ ಮಾಲೀಕರು ಶೀನನನ್ನು ಕೆಲಸದಲ್ಲಿ ಉಳಿಸಿಕೊಂಡರು. ಈಗಲೂ ಅವನು ಅದೇ ಮೆಷಿನ್ ನೋಡಿಕೊಳ್ಳುತ್ತಾನೆ, ಸಂಬಳಕ್ಕೆ. ಹೆಂಡತಿ ಅಲ್ಲಿಯೇ ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ಮೀನಿನ ಬುಟ್ಟಿಗೆ ಐಸ್ ತುಂಬಿಸಿಕೊಳ್ಳುತ್ತಾಳೆ.

ಮನೆಗಳ ರೇಟು ಬೀಳುತ್ತದೋ ಎಂದು ಇವತ್ತಿಗೂ ಜನ ನನ್ನನ್ನು ಕೇಳುತ್ತಾರೆ. ನಿಮಗೆ ಎಷ್ಟು ಕಾಲ ಕಾಯಲು ಸಾಧ್ಯ ಎಂದು ನಾನು ಮೊದಲು ಕೇಳುತ್ತೇನೆ. ಕೊಳ್ಳುವವನೇ ಇಲ್ಲದ ಬೆಲೆ ಕಾಯಲಾರದವನ ಪಾಲಿಗೆ ಬೆಲೆಯೇ ಅಲ್ಲ. ನನ್ನ ಕೆಲಸ ನನಗೆ ಇದನ್ನು ಕಲಿಸಿತು, ಇನ್ನೊಬ್ಬರ ಖರ್ಚಿನಲ್ಲಿ.

ಶೀನನ ಹತ್ತಿರ ಒಮ್ಮೆ ತಪ್ಪಾಯಿತು ಎಂದೆ. “ಬಿಡಿ ಶೆಟ್ರೆ, ನಿಮ್ ಮಾತೇನ್ ಸುಳ್ಳಾಯ್ಲಿಲ್ಲ ಅಲ್ದಾ” ಎಂದ. ಅದನ್ನು ಕೇಳಿ ನಾನು ಒಳಗೊಳಗೇ ಹಿಗ್ಗಿದ್ದೂ ನಿಜ. ಅವತ್ತು ನನ್ನನ್ನು ನೇರ ಕೇಳಿದವಳ ಮುಂದೆ ಮಾತ್ರ ಇಂದಿನವರೆಗೂ ಬಾಯಿ ಬಂದಿಲ್ಲ. ಬೈಂದೂರು ಪೇಟೆಯಲ್ಲಿ ಅವಳ ಬುಟ್ಟಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಇಷ್ಟು ಬರೆದರೂ ಎಲ್ಲ ಕಡೆ ಹೆಂಡತಿ ಎಂದೇ ಬರೆದಿದ್ದೇನೆ. ಆಕೆಯ ಹೆಸರು ಗುಲಾಬಿ.