ನಮ್ಮ ರಕ್ತ ಕೇಳಿಕೊಂಡು ಬಂದವರು

ಅಮ್ಮನ ಕಾಯಿಲೆಗೆ ಒಂದು ಹೆಸರಿದೆ ಅಂತ ನಮಗೆ ಗೊತ್ತಾದದ್ದು ಅವಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಅದೇ ಕಾಯಿಲೆ ಅಣ್ಣನಿಗೂ ಶುರುವಾದಾಗ. ಹಂಟಿಂಗ್ಟನ್ ಕಾಯಿಲೆ, ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವಂಥದ್ದು. ಅಲ್ಲಿಯವರೆಗೆ ಉದ್ದನಪಲ್ಲಿಯ ಜನ ಅವಳಿಗೆ ತಾವೇ ಒಂದು ಹೆಸರಿಟ್ಟಿದ್ದರು: ಕುಡುಕಿ. ಅಮ್ಮ ಜನ್ಮದಲ್ಲಿ ಒಂದು ತೊಟ್ಟು ಕುಡಿದವಳಲ್ಲ. ಕೈಕಾಲು ತಮ್ಮಷ್ಟಕ್ಕೆ ತಾವೇ ಎಗರುತ್ತಿದ್ದವು. ನಡೆದರೆ ತೂರಾಡುತ್ತಿದ್ದಳು, ಮಾತು ತೊದಲುತ್ತಿತ್ತು. ಒಂದು ಸಲ ರಾಯಕೋಟೆ ಬಸ್ಸಿನ ಕಂಡಕ್ಟರು, "ಬೆಳಗ್ಗೇನೇ ಏರಿಸ್ಕೊಂಡ್ ಬಂದವ್ಳೆ, ಇಳ್ಸಿ ಇವಳನ್ನ" ಅಂತ ನಡುದಾರಿಯಲ್ಲಿ ಇಳಿಸಿದ. ಬಸ್ಸಿನ ತುಂಬ ನಮ್ಮೂರಿನವರೇ. ಹಬ್ಬಕ್ಕೆ ನಮ್ಮ ಮನೆಯ ಒಬ್ಬಟ್ಟು ತಿಂದ ಬಾಯಿಗಳು ಒಂದೂ ತೆರೆಯಲಿಲ್ಲ. ಸ್ಕೂಲು ಯೂನಿಫಾರಂನಲ್ಲಿದ್ದ ನಾನು ಅವಳ ಕೈ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಮನೆಗೆ ನಡೆಸಿಕೊಂಡು ಬಂದೆ.

ಇದರಲ್ಲಿ ಊರಿನವರನ್ನೂ ಮೀರಿಸಿದವರು ಮಾವ, ಅಮ್ಮನ ಒಡಹುಟ್ಟಿದ ಅಣ್ಣ. ಹೊಸೂರಿನಲ್ಲಿ ಸರ್ಕಾರಿ ಕಚೇರಿಯ ಕೆಲಸ, ಇಸ್ತ್ರಿ ಮಾಡಿದ ಬಿಳಿ ಪಂಚೆ, ನಾಲ್ಕು ಜನ ಎದ್ದು ನಿಲ್ಲುವ ಗೌರವ. ಮಗಳ ಮದುವೆಗೆ ತಂಗಿಯನ್ನು ಕರೆಯಲಿಲ್ಲ. "ಮಂಟಪದಾಗೆ ಬಂದು ಕುಣುದ್ರೆ ನಮ್ ಮರ್ಯಾದೆ ಏನಾಗ್ಬೇಕು?" ಅಂದರಂತೆ. ಆ ಮರ್ಯಾದೆಯನ್ನು ಅವರು ಇವತ್ತಿಗೂ ಇಸ್ತ್ರಿ ಮಾಡಿಯೇ ಇಟ್ಟುಕೊಂಡಿದ್ದಾರೆ.

ಅಣ್ಣನ ರಕ್ತ ಪರೀಕ್ಷೆ ಮಾಡಿ ಕಾಯಿಲೆಯ ಹೆಸರು ಹೇಳಿದ ಆಸ್ಪತ್ರೆಯಿಂದ ಒಂದು ದಿನ ನನಗೆ ಫೋನು ಬಂತು. ನಮ್ಮ ಸೀಮೆಯಲ್ಲಿ ಈ ಕಾಯಿಲೆ ಇರುವ ಮನೆಗಳ ಮೇಲೆ ಸಂಶೋಧನೆ ಮಾಡುತ್ತಾರಂತೆ. ರಕ್ತಸಂಬಂಧಿಗಳನ್ನೆಲ್ಲ ಒಂದು ಕಡೆ ಸೇರಿಸಬೇಕಂತೆ. ನಾನು ಹೊಸೂರಿನಲ್ಲಿ ಮೇಷ್ಟ್ರಮ್ಮ, ಜನ ಸೇರಿಸುವ ಕೆಲಸ ಯಾವಾಗಲೂ ನಮ್ಮ ತಲೆಗೇ. ಒಬ್ಬೊಬ್ಬರಿಗೂ ಫೋನು ಮಾಡಿ ಒಂದು ಭಾನುವಾರ ಅಣ್ಣನ ಮನೆಗೆ ಬರಲು ಹೇಳಿದೆ. ಸಂಬಂಧಿಕರಲ್ಲಿ ಮುಕ್ಕಾಲು ಜನಕ್ಕೆ ಆ ಭಾನುವಾರವೇ ಬೇರೆ ಕೆಲಸವಿತ್ತು.

ಅಣ್ಣನ ಮನೆಯ ಮುಂದೆ ಕಾರು ನಿಂತಿತು. ಒಬ್ಬ ದೊಡ್ಡ ಡಾಕ್ಟರು, ಹಿಂದೆ ಮೂವರು ವಿದ್ಯಾರ್ಥಿಗಳು, ಒಂದು ಕ್ಯಾಮರಾ. ನಾವು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ಆಡಬಲ್ಲ ಜನ. ಆದರೆ ಡಾಕ್ಟರು ಇಂಗ್ಲಿಷಿನಲ್ಲಿ ಮಾತಾಡಿದರು, ಅದೂ ನಮ್ಮ ತಲೆಯ ಮೇಲಿನಿಂದ ವಿದ್ಯಾರ್ಥಿಗಳ ಜೊತೆ. ಒಬ್ಬ ಹುಡುಗ ಒಪ್ಪಿಗೆಯ ಕಾಗದವನ್ನು ಗ್ರಾಂಥಿಕ ಕನ್ನಡದಲ್ಲಿ ಮಂತ್ರದ ಹಾಗೆ ಓದಿದ. ಕೊನೆಗೆ "ತಮಗೆ ಮನವರಿಕೆಯಾಯಿತೇ?" ಅಂತ ಕೇಳಿದ.

"ಇಲ್ಲಪ್ಪ," ಅಂದ ಅಣ್ಣ.

ಹುಡುಗ ತಲೆಯಾಡಿಸಿ ಹೆಬ್ಬೆಟ್ಟಿನ ಶಾಯಿಯ ಡಬ್ಬಿ ಮುಂದಿಟ್ಟ. ಅಣ್ಣ ಹನ್ನೆರಡನೇ ಕ್ಲಾಸಿನವರೆಗೆ ಓದಿದವನು.

ಮಾವನೂ ಬಂದಿದ್ದರು. ಇದ್ದ ಒಂದೇ ಒಳ್ಳೆ ಕುರ್ಚಿಯಲ್ಲಿ ಕೂತು, "ನಮ್ ಕಡೆ ಇಂಥದ್ದೆಲ್ಲ ಇಲ್ಲ ಸಾರ್. ಇದು ಇವರಪ್ಪನ ಕಡೇದು," ಅಂತ ಹೇಳಿಕೆ ಕೊಟ್ಟರು. ಅಪ್ಪನ ಕಡೆಯವರು ಎಂಬತ್ತು ದಾಟಿದ ಮೇಲೂ ಮರ ಹತ್ತಿ ಹುಣಸೆಹಣ್ಣು ಉದುರಿಸಿದವರು. ರಕ್ತ ಕೇಳಿದಾಗ ಮಾವನಿಗೆ ತಟ್ಟನೆ ಶುಗರ್ ನೆನಪಾಯಿತು. ತಿಂಡಿ ಮಾತ್ರ ಪೂರ್ತಿ ಮುಗಿಸಿಯೇ ಎದ್ದರು.

ಆಮೇಲೆ ಅಣ್ಣನ ಸರದಿ. ನಾಲಿಗೆ ಚಾಚು, ಬೆರಳು ಬಡಿ, ಅಂಗಳದಲ್ಲಿ ನೆಟ್ಟಗೆ ನಡಿ. ಅವನು ನಡೆದ. ಭುಜ ಒಂದು ಕಡೆ ಎಗರಿತು, ಕಾಲು ಇನ್ನೊಂದು ಕಡೆ. ಬೇಲಿಯಾಚೆ ಅರ್ಧ ಊರು ನೆರೆದಿತ್ತು. "ಚೆನ್ನಾಗಿ ಬರ್ಲಿಲ್ಲ, ಇನ್ನೊಂದ್ಸಲ," ಅಂದ ಕ್ಯಾಮರಾದವನು. ಮತ್ತೆ ನಡೆದ. ಡಾಕ್ಟರು ಅಂಗಿ ಬಿಚ್ಚಿಸಲು ಹೇಳಿದರು. ಚಲನೆ ಸ್ಪಷ್ಟವಾಗಿ ಕಾಣಬೇಕಂತೆ. ಒಬ್ಬ ವಿದ್ಯಾರ್ಥಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಅಣ್ಣ ನಿಂತ. ಮಾತು ಎಳೆದೆಳೆದು ಬಂದರೂ ಎಲ್ಲರಿಗೂ ಕೇಳಿಸಿತು. "ಸಾರ್, ಕುಣಿಯೋದು ನನ್ ಕೈಲಿದ್ದಿದ್ರೆ ನಿಮ್ಗೆ ಬೇಕಾದಂಗೆ ಕುಣಿದುಬುಡ್ತಿದ್ದೆ. ನನ್ ಕೈಲಿಲ್ಲ. ಆ ಕ್ಯಾಮರಾ ಮುಚ್ಚಿ."

"ಇದು ವಿಜ್ಞಾನಕ್ಕೆ..." ಅಂತ ಡಾಕ್ಟರು ಮೊದಲ ಸಲ ಕನ್ನಡಕ್ಕೆ ಇಳಿದರು.

"ವಿಜ್ಞಾನಕ್ಕೆ ರಕ್ತ ತಗೊಳ್ಳಿ. ಅಂಗಿ ನಂದು," ಅಂದ ಅಣ್ಣ.

ನಾನು ಕ್ಯಾಮರಾದವನ ಪಕ್ಕ ನಿಂತು, ತೆಗೆದಿದ್ದನ್ನೆಲ್ಲ ಅಳಿಸಿ ಹಾಕಿಸಿದೆ. ಎಂಟನೇ ಕ್ಲಾಸಿನ ಹುಡುಗರ ಮುಂದೆ ಬಳಸುವ ದನಿ ಸಾಕಾಯಿತು.

ನಾನೂ ರಕ್ತ ಕೊಟ್ಟೆ. ನನಗೆ ಬರುತ್ತದೋ ಇಲ್ಲವೋ ಯಾವಾಗ ಹೇಳುತ್ತೀರಿ ಅಂತ ಕೇಳಿದರೆ, ಸಂಶೋಧನೆಯಲ್ಲಿ ಒಬ್ಬೊಬ್ಬರ ಫಲಿತಾಂಶ ಹೇಳುವ ನಿಯಮವಿಲ್ಲವಂತೆ. ಎಲ್ಲೋ ಒಂದು ಫ್ರಿಜ್ಜಿನಲ್ಲಿರುವ ಸೀಸೆಗೆ ನನ್ನ ಭವಿಷ್ಯ ಗೊತ್ತಿರಬಹುದು, ನನಗೆ ಗೊತ್ತಾಗಬಾರದು. ತಂಡದಲ್ಲಿದ್ದ ಒಬ್ಬಳೇ ಹುಡುಗಿ ಮಾತ್ರ ಕಾರು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದಳು. "ಬೇಕಂದ್ರೆ ಬೇರೆಯಾಗಿ ಟೆಸ್ಟ್ ಮಾಡಿಸ್ಬಹುದು ಅಕ್ಕ. ಮೊದ್ಲು ಕೂತು ಮಾತಾಡ್ತಾರೆ. ಬರೋದು, ಬರ್ದೇ ಇರೋದು ಅರ್ಧಕ್ಕರ್ಧ. ಬೇಡ ಅನ್ನಿಸಿದ್ರೂ ತಪ್ಪಿಲ್ಲ." ನಾನು ಇನ್ನೂ ಮಾಡಿಸಿಲ್ಲ. ಮಾಡಿಸು ಅಂತ ಧೈರ್ಯ ಹೇಳುವವರೆಲ್ಲ ಆ ಭಾನುವಾರ ಕೆಲಸವಿದ್ದವರೇ.

ಮುಂದಿನ ವರ್ಷ ಕೃಷ್ಣಗಿರಿಯ ಒಂದು ಹೋಟೆಲಿನ ಹಾಲ್‌ನಲ್ಲಿ "ಕೃತಜ್ಞತಾ ಸಭೆ" ಇಟ್ಟರು. ಬ್ಯಾನರಿನಲ್ಲಿ ಡಾಕ್ಟರ ಮುಖ ನಮ್ಮ ಬಾಗಿಲಿನಷ್ಟು ದೊಡ್ಡದು. ನಾವು ಧೈರ್ಯವಂತ ಕುಟುಂಬಗಳಂತೆ, ನಮ್ಮಿಂದ ಲೋಕಕ್ಕೆ ಬೆಳಕಂತೆ. ಅಣ್ಣ ಆ ಹೊತ್ತಿಗೆ ನೀರು ಕುಡಿದರೂ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದ. ನಾನು ಎದ್ದು ನಿಂತು ಕೇಳಿದೆ: "ನುಂಗೋಕೆ ಆಗದವರನ್ನ ಈ ಜಿಲ್ಲೇಲಿ ಎಲ್ಲಿಗೆ ಕರ್ಕೊಂಡ್ ಹೋಗ್ಬೇಕು?" ಒಳ್ಳೆಯ ಪ್ರಶ್ನೆ ಅಂತ ಡಾಕ್ಟರು ಹೊಗಳಿದರು. ಊಟದ ಹೊತ್ತಾಯಿತು ಅಂತ ನಿರೂಪಕರು ಪ್ರಕಟಿಸಿದರು.

ಊಟಕ್ಕೆ ಮೊದಲು ಶಾಲು. ನಮ್ಮ ಮನೆತನದ ಹಿರಿಯರು ಅಂತ ವೇದಿಕೆ ಹತ್ತಿದವರು ಯಾರು? ಮಾವ! ರಕ್ತ ಕೊಡದವರು, ತಂಗಿಯನ್ನು ಮದುವೆಗೆ ಕರೆಯದವರು ಕತ್ತು ಬಗ್ಗಿಸಿ ಶಾಲು ಹೊದಿಸಿಕೊಂಡು ಫೋಟೊಕ್ಕೆ ನಕ್ಕರು. ನನಗೆ ಮೈ ಉರಿಯಿತು. ಅಣ್ಣ ಮಾತ್ರ ಕುರ್ಚಿ ಅಲುಗುವಷ್ಟು ನಕ್ಕ. "ಬಿಡಮ್ಮ, ಅವರ್ಗೂ ಏನಾದ್ರು ಸಿಗ್ಬೇಕಲ್ಲ."

ಪಲಾವು, ಐಸ್‌ಕ್ರೀಮಿನ ಸದ್ದಿನಲ್ಲಿ ತಂಡದ ಆ ಹುಡುಗಿ ನಮ್ಮನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಜೊತೆಗೆ ನುಂಗುವುದನ್ನು ಅಭ್ಯಾಸ ಮಾಡಿಸುವ ಗೆಳತಿಯೊಬ್ಬಳನ್ನು ತಾನಾಗಿಯೇ ಕರೆತಂದಿದ್ದಳು. ಗದ್ದ ಎದೆಗೆ ತಾಗಿಸಿ ನುಂಗುವುದು, ನೀರನ್ನು ಗಟ್ಟಿ ಮಾಡಿ ಕೊಡುವುದು, ತಿನ್ನುವಾಗ ಮಾತಾಡಿಸದಿರುವುದು, ಎಲ್ಲ ಆ ಗೆಳತಿ ಹೇಳಿಕೊಟ್ಟಳು. ನಮ್ಮ ರಾಗಿ ಗಂಜಿಯೇ ಹದವಾದದ್ದು ಅಂದಳು. ಅವಳು ಗಟ್ಟಿ ಮಾಡಿ ಕೊಟ್ಟ ನೀರನ್ನು ಅಣ್ಣ ಕೆಮ್ಮದೆ ಒಂದು ಲೋಟ ಪೂರ್ತಿ ಮುಗಿಸಿದ. ಜೊತೆಗೆ ಬಂದಿದ್ದ ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಇಡೀ ಸಂಶೋಧನೆಯಿಂದ ನಮ್ಮ ಮನೆಗೆ ಬಂದ ಬೆಳಕು ಅಷ್ಟೇ, ಅದೂ ಕಾರ್ಯಕ್ರಮದ ಪಟ್ಟಿಯಲ್ಲಿ ಇರದದ್ದು.

ಈಚೆಗೆ ಮತ್ತೆ ಫೋನು ಬಂದಿತ್ತು, ಎರಡನೇ ಸುತ್ತಿನ ರಕ್ತ ಬೇಕಂತೆ. ಅಣ್ಣನನ್ನು ಕೇಳಿದೆ. ಈಗ ಅವನ ಒಂದು ವಾಕ್ಯಕ್ಕೆ ತುಂಬ ಹೊತ್ತು ಹಿಡಿಯುತ್ತದೆ, ಕಾದೆ.

"ಬರ್ಲಿ," ಅಂದ. "ದೊಡ್ಡೋರು ಬೇಡ. ಆ ಇಬ್ರು ಹುಡ್ಗೀರ್ನ ಕಳ್ಸು ಅನ್ನು."

ಹಾಗೇ ಹೇಳಿದೆ. ಯೋಚಿಸುತ್ತೇವೆ ಅಂದಿದ್ದಾರೆ. ಯೋಚಿಸಲಿ.